ನರಗುಂದದ ಬಾಬಾಸಾಹೇಬ

ಪುರ್ತಗೇರಿ, ಗಜೇಂದ್ರಗಡ, ರೋಣಗಳ ಕಡೆಯಿಂದ ಪಶ್ಚಿಮಕ್ಕೆ ಸಾಗುವ ಪ್ರಯಾಣಿಕನ ಕಣ್ಣಿಗೆ ಬೀಳುವುದು ಬಹುದೂರದವರೆಗೆ ಹರಡಿದ ಎರೆಯ ಬಯಲು. ಜೋಳ, ಹತ್ತಿ, ಕಡಲೆಗಳು ಬೆಳೆಯುವ ಆ ಕಪ್ಪು ನೆಲದ ನಡುವೆ ಒಂದು ಗುಡ್ಡ ತಟ್ಟನೆ ತಲೆಯೆತ್ತಿ ನಿಂತಿದೆ. ಅದೇ ನರಗುಂದದ ಗುಡ್ಡ. ಅದರ ನೆತ್ತಿಯ ಮೇಲೆ ಹಳೆಯ ಕೋಟೆಯ ಅವಶೇಷಗಳಿವೆ, ಬುಡದಲ್ಲಿ ಊರಿದೆ. ಇಂದು ಗದಗ ಜಿಲ್ಲೆಯ ಒಂದು ತಾಲೂಕಿನ ಮುಖ್ಯಸ್ಥಳವಾಗಿರುವ ಈ ಊರು ಹಿಂದೆ ಒಂದು ಪುಟ್ಟ ಸಂಸ್ಥಾನದ ರಾಜಧಾನಿಯಾಗಿತ್ತು. ಆ ಸಂಸ್ಥಾನದ ಕೊನೆಯ ಅರಸನೇ ಭಾಸ್ಕರರಾವ ಭಾವೆ. ಜನ ಅವನನ್ನು ಬಾಬಾಸಾಹೇಬನೆಂದು ಕರೆದರು. ಇತಿಹಾಸದಲ್ಲಿಯೂ ಅದೇ ಹೆಸರು ನಿಂತಿತು.

ಸಾವಿರ ಮೈಲಿಯಾಚೆ ಉತ್ತರ ಹಿಂದುಸ್ಥಾನದಲ್ಲಿ ಹೊತ್ತಿಕೊಂಡ ಯುದ್ಧವೊಂದು ಈ ಪುಟ್ಟ ಸಂಸ್ಥಾನವನ್ನು ಹೇಗೆ ತನ್ನ ಕಡೆಗೆ ಸೆಳೆದುಕೊಂಡಿತು, ಅದಕ್ಕೆ ನರಗುಂದವು ಎಂಥ ಬೆಲೆಯನ್ನು ತೆರಬೇಕಾಯಿತು ಎಂಬುದೇ ಬಾಬಾಸಾಹೇಬನ ಜೀವನಕಥೆಯ ಸಾರ. ತಟಸ್ಥನೆಂಬ ಮಾತಿಗೆ ದಡದಲ್ಲಿ ನಿಂತವನೆಂದು ಅರ್ಥ. ಹೊಳೆ ಶಾಂತವಾಗಿ ಹರಿಯುತ್ತಿರುವಾಗ ದಡದಲ್ಲಿ ನಿಲ್ಲುವುದು ಸುಲಭ. ಮಹಾಪೂರ ಬಂದಾಗ ಕಾಲ ಕೆಳಗಿನ ದಡವೇ ಕುಸಿಯತೊಡಗುತ್ತದೆ. ನರಗುಂದದಲ್ಲಿ ಆದದ್ದು ಹೀಗೆಯೇ.

ದೊಡ್ಡವರ ಕಲಹದಲ್ಲಿ ಸಿಕ್ಕಿಕೊಳ್ಳುವುದು ನರಗುಂದಕ್ಕೆ ಹೊಸದೇನೂ ಆಗಿರಲಿಲ್ಲ. ಬಾಬಾಸಾಹೇಬನಿಗಿಂತ ಎರಡು ತಲೆಮಾರುಗಳಷ್ಟು ಹಿಂದೆ, ಪುಣೆಯ ಪೇಶ್ವೆಯರಿಗೂ ಮೈಸೂರಿನ ಟಿಪ್ಪು ಸುಲ್ತಾನನಿಗೂ ನಡುವೆ ಈ ಸಂಸ್ಥಾನ ನಲುಗಿತ್ತು. ಟಿಪ್ಪು ಹೆಚ್ಚಿನ ಕಪ್ಪವನ್ನು ಕೇಳಿದಾಗ ಅಂದಿನ ಅರಸ ವೆಂಕಟರಾವನು ಪುಣೆಯ ನೆರವನ್ನು ನಂಬಿ ನಿಂತನು. ಆ ನೆರವು ಅವನನ್ನು ಉಳಿಸಲಿಲ್ಲ. 1785ರಲ್ಲಿ ಮುತ್ತಿಗೆಗೆ ಕೋಟೆ ಶರಣಾಯಿತು; ಅರಸನು ಸೆರೆಯಾಳಾಗಿ ಕಬ್ಬಾಳದುರ್ಗಕ್ಕೆ ಹೋದನು. ಮರುವರ್ಷ ಮರಾಠರೂ ನಿಜಾಮನೂ ಒಂದಾಗಿ ಟಿಪ್ಪುವಿನ ಮೇಲೆ ಯುದ್ಧ ಹೂಡಿದರು. ಕೊನೆಗೆ 1787ರಲ್ಲಿ ಗಜೇಂದ್ರಗಡದಲ್ಲಿ ಒಪ್ಪಂದವಾಗಿ ನರಗುಂದವು ಮರಾಠರ ಕಡೆಗೆ ಮರಳಿತು. ದೊಡ್ಡ ರಾಜ್ಯದ ಆಸರೆ ಎಷ್ಟು ಅಗತ್ಯವೋ ಅಷ್ಟೇ ಅಪಾಯಕರವೆಂಬ ಅರಿವು ಭಾವೆ ಮನೆತನಕ್ಕೆ ಅಂದೇ ಆಗಿದ್ದಿರಬೇಕು.

1818ರಲ್ಲಿ ಪೇಶ್ವೆಯರ ಆಳಿಕೆ ಮುಗಿಯಿತು. ಕೃಷ್ಣೆ, ಮಲಪ್ರಭೆಗಳ ನಡುವಣ ಚಿಕ್ಕಪುಟ್ಟ ಸಂಸ್ಥಾನಗಳೆಲ್ಲ ಇಂಗ್ಲಿಷ್ ಕಂಪನಿ ಸರಕಾರದ ರಕ್ಷಣೆಗೆ ಒಳಪಟ್ಟವು. ಅರಮನೆ, ದರ್ಬಾರು, ಬಿರುದುಗಳು ಉಳಿದವು; ನಿಜವಾದ ಅಧಿಕಾರ ಕೈಬಿಟ್ಟಿತು. ಇಂಥ ಕಾಲದಲ್ಲಿ, 1842ರಲ್ಲಿ, ತಂದೆ ದಾದಾಜಿರಾವನ ತರುವಾಯ ಬಾಬಾಸಾಹೇಬನು ನರಗುಂದದ ಗಾದಿಯನ್ನೇರಿದನು.

ಅವನು ಬುದ್ಧಿವಂತನಾದ ಅರಸ. ಆ ಭಾಗದ ಸಂಸ್ಥಾನಿಕರಲ್ಲೆಲ್ಲ ಹೆಚ್ಚು ತಿಳಿವಳಿಕೆಯುಳ್ಳವನೆಂದು ಇಂಗ್ಲಿಷ್ ಅಧಿಕಾರಿಗಳೂ ಅವನನ್ನು ಎಣಿಸಿದ್ದರು. ಗ್ರಂಥಗಳಲ್ಲಿ ಅವನಿಗೆ ಬಹಳ ಪ್ರೀತಿ. ಅವನ ಅರಮನೆಯಲ್ಲಿ ಮೂರು ನಾಲ್ಕು ಸಾವಿರ ಸಂಸ್ಕೃತ ಗ್ರಂಥಗಳ ಸಂಗ್ರಹವಿತ್ತೆಂದು ಹೇಳುತ್ತಾರೆ. ಕೈಬರಹದ ಪ್ರತಿಗಳನ್ನು ಹುಡುಕಿ ತರಿಸಿ ಕಾಪಾಡಬೇಕಾಗಿದ್ದ ಆ ದಿನಗಳಲ್ಲಿ ಒಂದು ಚಿಕ್ಕ ಸಂಸ್ಥಾನದಲ್ಲಿ ಇಷ್ಟು ದೊಡ್ಡ ಗ್ರಂಥಭಂಡಾರವಿದ್ದುದು ಸಾಮಾನ್ಯ ಸಂಗತಿಯಲ್ಲ. ಇಂಥವನು ದಂಗೆಯನ್ನೇ ಬಯಸಿ ಹುಟ್ಟಿದವನೆಂದು ಯಾರೂ ಹೇಳಲಾರರು. ಅವನ ಮನಸ್ಸಿನಲ್ಲಿ ಬೇರೂರಿದ್ದ ನೋವು ಬೇರೆಯೇ ಆಗಿತ್ತು.

ಬಾಬಾಸಾಹೇಬನಿಗೆ ಗಂಡುಮಕ್ಕಳಿರಲಿಲ್ಲ. ಮಕ್ಕಳಿಲ್ಲದವರು ದತ್ತಕ ತೆಗೆದುಕೊಂಡು ವಂಶವನ್ನು ಮುಂದುವರಿಸುವುದು ನಮ್ಮ ನಾಡಿನ ಹಳೆಯ ಸಂಪ್ರದಾಯ. ದತ್ತುಮಗನು ತಂದೆಯ ಆಸ್ತಿಗೆ ಮಾತ್ರವಲ್ಲ, ಅವನ ಉತ್ತರಕ್ರಿಯೆಗೂ ಅಧಿಕಾರಿಯೆಂಬುದು ಜನರ ನಂಬಿಕೆ. ಆದರೆ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಕಂಪನಿ ಸರಕಾರವು ಒಂದು ನೀತಿಯನ್ನು ಬಿಗಿಯಾಗಿ ಹಿಡಿಯಿತು. ತನ್ನ ಅಧೀನದ ಅರಸನು ಗಂಡುಸಂತಾನವಿಲ್ಲದೆ ಸತ್ತರೆ, ಸರಕಾರದ ಒಪ್ಪಿಗೆಯಿಲ್ಲದೆ ತೆಗೆದುಕೊಂಡ ದತ್ತಕವು ರಾಜ್ಯದ ಮಟ್ಟಿಗೆ ಸಲ್ಲದು. ಆ ರಾಜ್ಯ ಸರಕಾರಕ್ಕೆ ಸೇರಬೇಕು. ಈ ನೀತಿಗೆ 1848ರಲ್ಲಿ ಸಾತಾರೆ ತುತ್ತಾಯಿತು. ಅನಂತರ ಝಾನ್ಸಿ, ನಾಗಪುರಗಳ ಸರದಿ ಬಂತು. ಕನ್ನಡ ನಾಡಿನವರಿಗಂತೂ ಇದರ ಕಹಿ ಮೊದಲೇ ಗೊತ್ತಿತ್ತು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಸರಕಾರ ಒಪ್ಪದೆ ಹೋದುದರಿಂದಲೇ ರಾಣಿ ಚೆನ್ನಮ್ಮ ಖಡ್ಗ ಹಿಡಿದಿದ್ದಳು.

ಬಾಬಾಸಾಹೇಬನು ದತ್ತಕಕ್ಕೆ ಅನುಮತಿ ಬೇಡಿದನು. ಸರಕಾರ ಅದನ್ನು ನಿರಾಕರಿಸಿತು. ತಾನು ಕಣ್ಣುಮುಚ್ಚಿದ ದಿನವೇ ನರಗುಂದದ ಸಂಸ್ಥಾನವೂ ಕಣ್ಣುಮುಚ್ಚುವುದೆಂಬುದು ಅವನಿಗೆ ಖಚಿತವಾಯಿತು. ಇದೇ ಸುಮಾರಿಗೆ ಇನಾಮು ಭೂಮಿಗಳ ವಿಚಾರಣೆಗಾಗಿ ಒಂದು ಆಯೋಗವೂ ನಾಡಿನಲ್ಲಿ ಸಂಚರಿಸುತ್ತಿತ್ತು. ತಲೆತಲಾಂತರದಿಂದ ಉಂಬಳಿ ಉಣ್ಣುತ್ತಿದ್ದ ದೇಸಾಯರು, ನಾಡಗೌಡರು, ನಾಡಗೀರರು ಹಳೆಯ ಸನದುಗಳನ್ನು ಹುಡುಕಿ ತಂದು ಅಧಿಕಾರಿಗಳ ಮುಂದೆ ಇಡಬೇಕಾಯಿತು. ದಾಖಲೆ ತೋರಿಸಲಾರದವರು ಭೂಮಿಯನ್ನು ಕಳೆದುಕೊಂಡರು. ಹೀಗಾಗಿ ಅಸಮಾಧಾನವು ಅರಮನೆಯಲ್ಲಿ ಮಾತ್ರವಲ್ಲ, ಹಳ್ಳಿಹಳ್ಳಿಯ ವಾಡೆಗಳಲ್ಲಿಯೂ ಹೊಗೆಯಾಡುತ್ತಿತ್ತು.

1857ರ ಮೇ 10ರಂದು ಮೀರತ್ತಿನ ಸಿಪಾಯಿಗಳು ಕಂಪನಿ ಸರಕಾರದ ವಿರುದ್ಧ ತಿರುಗಿ ಬಿದ್ದರು. ಮರುದಿನ ದಿಲ್ಲಿ ಅವರ ವಶವಾಯಿತು. ಕಾನ್ಪುರ, ಲಖ್ನೋ, ಝಾನ್ಸಿಗಳಿಗೆ ಬೆಂಕಿ ಹಬ್ಬಿತು. ಪೇಶ್ವೆಯ ದತ್ತುಮಗನಾದ ನಾನಾಸಾಹೇಬನು ಬಂಡಾಯದ ಮುಂದಾಳುಗಳಲ್ಲಿ ಒಬ್ಬನಾಗಿದ್ದನು. ಪೇಶ್ವೆಯರ ಉಪ್ಪುಂಡ ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳಲ್ಲಿ ಈ ಹೆಸರಿಗೆ ಇನ್ನೂ ಬೆಲೆಯಿತ್ತು. ಜುಲೈ 31ರಂದು ಕೊಲ್ಲಾಪುರದ ಪಲ್ಟಣಿಯೇ ದಂಗೆಯೆದ್ದಿತು. ದೂರದ ಯುದ್ಧ ಹತ್ತಿರಕ್ಕೆ ಬಂದಂತಾಯಿತು.

ಆದರೂ ನರಗುಂದವು ಅಲುಗಾಡಲಿಲ್ಲ. ಇದು ಗಮನಿಸಬೇಕಾದ ಸಂಗತಿ. ಮನಸ್ಸಿನಲ್ಲಿ ಎಂಥ ನೋವಿದ್ದರೂ, ಬಂಡಾಯದ ಮೊದಲ ವರ್ಷವೆಲ್ಲ ಬಾಬಾಸಾಹೇಬನು ಬಹಿರಂಗವಾಗಿ ಯಾವ ಪಕ್ಷವನ್ನೂ ಹಿಡಿಯಲಿಲ್ಲ. ಬೆಳಗಾವಿಯಲ್ಲಿದ್ದ ಅಧಿಕಾರಿ ಸೆಟನ್‌ಕಾರನು ಸಂಸ್ಥಾನಿಕರೊಡನೆ ಸೌಮ್ಯವಾಗಿ ನಡೆದುಕೊಳ್ಳುತ್ತಿದ್ದನು. ಅದೂ ಈ ಶಾಂತಿಗೆ ಒಂದು ಕಾರಣವಾಗಿತ್ತು. ಅರಸನ ಅಂತರಂಗದಲ್ಲಿ ನಡೆದ ತುಯ್ದಾಟವನ್ನು ನಾವು ಊಹಿಸಬಹುದಷ್ಟೆ. ಬಂಡಾಯ ಗೆದ್ದರೆ ದತ್ತಕದ ಹಕ್ಕು ಉಳಿಯಬಹುದು. ಸೋತರೆ ಇರುವುದೂ ಹೋಗುವುದು. ಚಿಕ್ಕ ರಾಜ್ಯದ ಒಡೆಯನಿಗೆ ಕಾದು ನೋಡುವುದೇ ವಿವೇಕವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಕಾದು ನೋಡಲು ಕಾಲವು ಬಿಡಲಿಲ್ಲ. ಪ್ರಜೆಗಳು ಅನುಮತಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಸರಕಾರ ಕಾಯಿದೆ ಮಾಡಿತು. ಕೃಷಿಕನ ಮನೆಯ ಕುಡುಗೋಲಿನಂತೆ ಬೇಡರ ಮನೆಯಲ್ಲಿ ಕತ್ತಿ, ಬಂದೂಕುಗಳು ಸಹಜವಾಗಿದ್ದ ಕಾಲವದು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು. 1857ರ ನವೆಂಬರ್ ಕೊನೆಯಲ್ಲಿ ಸರಕಾರದ ಸೈನ್ಯ ಹಲಗಲಿಗೆ ನುಗ್ಗಿ ಊರಿಗೆ ಬೆಂಕಿ ಹಚ್ಚಿತು. ಅನೇಕರು ಹೋರಾಡಿ ಸತ್ತರು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಹಲಗಲಿಯ ಈ ಕಥೆಯನ್ನು ಜನ ಲಾವಣಿ ಕಟ್ಟಿ ಹಾಡಿದರು. 1858ರ ಫೆಬ್ರವರಿಯಲ್ಲಿ ಸುರಪುರದ ತರುಣ ನಾಯಕ ವೆಂಕಟಪ್ಪನ ಸಂಸ್ಥಾನವೂ ಸರಕಾರದ ಪಾಲಾಯಿತು. ಸುತ್ತಲಿನ ಒಂದೊಂದೇ ದೀಪ ಆರುವುದನ್ನು ನರಗುಂದದ ಅರಸನು ನೋಡುತ್ತಲೇ ಇದ್ದನು.

ಕೊನೆಗೆ ಅದೇ ಪ್ರಶ್ನೆ ಅವನ ಬಾಗಿಲಿಗೂ ಬಂದಿತು. ಕೋಟೆಯಲ್ಲಿದ್ದ ದೊಡ್ಡ ತೋಪುಗಳನ್ನೂ ಮದ್ದನ್ನೂ ಧಾರವಾಡಕ್ಕೆ ಕಳುಹಿಸಬೇಕೆಂದು ಸರಕಾರ ಕೇಳಿತು. ಮೇಲ್ನೋಟಕ್ಕೆ ಇದು ಮುನ್ನೆಚ್ಚರಿಕೆಯ ಕ್ರಮ. ಅರಸನ ದೃಷ್ಟಿಯಿಂದ ನೋಡಿದರೆ ಇದರ ಅರ್ಥ ಬೇರೆಯಾಗಿತ್ತು. ತೋಪುಗಳನ್ನು ಕೊಟ್ಟರೆ ಮುಂದೆ ಸರಕಾರ ಏನು ಮಾಡಿದರೂ ತಡೆಯುವ ಶಕ್ತಿ ಉಳಿಯದು. ಕೊಡದಿದ್ದರೆ ಆ ಕ್ಷಣದಿಂದಲೇ ಅವನು ವೈರಿ. ಇನ್ನು ಮೌನವಾಗಿರುವುದಕ್ಕೆ ಎಡೆಯೇ ಇರಲಿಲ್ಲ. ಸುಮ್ಮನಿರುವುದೂ ಒಂದು ಉತ್ತರವೆಂದೇ ಎಣಿಸಲ್ಪಡುತ್ತಿತ್ತು.

ಈ ಇಕ್ಕಟ್ಟಿನಲ್ಲಿಯೇ ಮೇ ತಿಂಗಳಲ್ಲಿ ಸಂಸ್ಥಾನಗಳ ಮೇಲ್ವಿಚಾರಣೆಯಲ್ಲಿ ಬದಲಾವಣೆಯಾಯಿತು. ಸೆಟನ್‌ಕಾರನ ಕೈಯಿಂದ ಅಧಿಕಾರವು ಕೊಲ್ಲಾಪುರದಲ್ಲಿದ್ದ ಸೇನಾಧಿಕಾರಿ ಲೆಗ್ರಾಂಡ್ ಜೇಕಬನಿಗೂ, ಅವನ ಸಹಾಯಕನಾದ ಮ್ಯಾನ್ಸನನಿಗೂ ಹೋಯಿತು. ಮ್ಯಾನ್ಸನನು ಧೈರ್ಯಶಾಲಿ, ಚುರುಕಾದ ಅಧಿಕಾರಿ. ಆದರೆ ಅವನು ಹಿಂದೆ ಇನಾಮು ಆಯೋಗದಲ್ಲಿ ಕೆಲಸ ಮಾಡಿದ್ದನು. ಆದ್ದರಿಂದ ಸಂಸ್ಥಾನಿಕರಿಗೂ ಇನಾಮುದಾರರಿಗೂ ಅವನ ಹೆಸರು ಹಿತವಾಗಿರಲಿಲ್ಲ. ತಮ್ಮ ಭೂಮಿಯನ್ನು ಕಸಿಯಲು ಬಂದವನೆಂದೇ ಅವರು ಅವನನ್ನು ಕಂಡರು.

ಬಾಬಾಸಾಹೇಬನಂತೆಯೇ ಅಸಮಾಧಾನಗೊಂಡವರು ಸುತ್ತಮುತ್ತ ಹಲವರಿದ್ದರು. ಅವರಲ್ಲಿ ಮುಖ್ಯನಾದವನು ಮುಂಡರಗಿಯ ಭೀಮರಾವ ನಾಡಗೀರ. ಹಮ್ಮಿಗಿಯ ಕೆಂಚನಗೌಡನು ಅವನ ಜೊತೆಗಿದ್ದನು. ಇವರೆಲ್ಲ ಸಮಯ ನೋಡಿ ಒಟ್ಟಿಗೆ ಏಳಬೇಕೆಂಬ ಆಲೋಚನೆಯಲ್ಲಿದ್ದರು. ಅಷ್ಟರಲ್ಲಿ ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಅಧಿಕಾರಿಗಳಿಗೆ ಪತ್ತೆಯಾದವು. ಭೀಮರಾವನು ಇನ್ನು ಕಾಯಲಾರದೆ ಮೇ ತಿಂಗಳ ಕೊನೆಯ ವಾರದಲ್ಲಿ ಬಂಡೆದ್ದನು. ಡಂಬಳದ ಖಜಾನೆಯನ್ನು ಲೂಟಿ ಮಾಡಿ ಕೊಪ್ಪಳದ ಕೋಟೆಯನ್ನು ಹಿಡಿದನು. ಸಿದ್ಧತೆ ಮುಗಿಯುವ ಮೊದಲೇ ಕಾಳಗ ಆರಂಭವಾಗಿಬಿಟ್ಟಿತು. ನೆರೆಯವನು ಹೆಜ್ಜೆಯಿಟ್ಟ ಮೇಲೆ ನರಗುಂದವು ಹಿಂದೆ ಸರಿಯುವಂತಿರಲಿಲ್ಲ.

ಸುದ್ದಿ ತಿಳಿದ ಮ್ಯಾನ್ಸನನು ಸಂಸ್ಥಾನಿಕರನ್ನು ಸಮಾಧಾನಪಡಿಸಿ ಹತೋಟಿಯಲ್ಲಿಡುವ ಉದ್ದೇಶದಿಂದ ಬೆರಳೆಣಿಕೆಯ ಸವಾರರೊಡನೆ ರಾಮದುರ್ಗಕ್ಕೆ ಬಂದನು. ರಾಮದುರ್ಗದ ಅರಸ ರಾಮರಾವನು ಬಾಬಾಸಾಹೇಬನ ಮಲಸಹೋದರ. ಒಂದೇ ಮನೆತನದ ಈ ಇಬ್ಬರು ಆ ಗಳಿಗೆಯಲ್ಲಿ ಎರಡು ದಾರಿ ಹಿಡಿದರು. ತನ್ನನ್ನೂ ಬಂಡಾಯಕ್ಕೆ ಕರೆದು ಬಾಬಾಸಾಹೇಬನು ಬರೆದ ಪತ್ರವನ್ನು ರಾಮರಾವನು ಮ್ಯಾನ್ಸನನಿಗೆ ತೋರಿಸಿದನು. ನರಗುಂದದ ಕಡೆಗೆ ಹೋಗುವುದು ಅಪಾಯವೆಂದೂ ಎಚ್ಚರಿಸಿದನು. ಮ್ಯಾನ್ಸನನು ಎಚ್ಚರಿಕೆಯನ್ನು ಲೆಕ್ಕಿಸದೆ ಪಲ್ಲಕ್ಕಿಯಲ್ಲಿ ಹೊರಟನು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದನು.

ಆ ರಾತ್ರಿ ನರಗುಂದದ ನೂರಾರು ಜನ ಸುರೇಬಾನವನ್ನು ಸುತ್ತುವರಿದರು. ಮ್ಯಾನ್ಸನನು ನಿದ್ದೆಯಿಂದ ಎದ್ದು ತನ್ನ ಪಿಸ್ತೂಲಿನಿಂದ ಗುಂಡು ಹಾರಿಸಿದನು. ಆದರೆ ಅಷ್ಟು ಜನರೆದುರು ನಿಲ್ಲಲಾಗಲಿಲ್ಲ. ಅವನೂ ಅವನ ಸಂಗಡಿಗರಲ್ಲಿ ಹಲವರೂ ಹತರಾದರು. ಅವನ ತಲೆಯನ್ನು ಕಡಿದು ತಂದು ನರಗುಂದದ ಅಗಸೆಬಾಗಿಲಿಗೆ ಕಟ್ಟಿದರು. ಯುದ್ಧವು ಸಜ್ಜನರ ಕೈಯಿಂದಲೂ ಎಂಥ ಕೃತ್ಯಗಳನ್ನು ಮಾಡಿಸುತ್ತದೆಂಬುದಕ್ಕೆ ಇದು ಸಾಕ್ಷಿ. ಸಾವಿರಾರು ಗ್ರಂಥಗಳನ್ನು ಕೂಡಿಸಿದ ಅರಸನ ಊರಿನ ಬಾಗಿಲಿನಲ್ಲಿಯೇ ಈ ದೃಶ್ಯ ಕಂಡಿತೆಂಬುದನ್ನು ನೆನೆದಾಗ ಮನಸ್ಸು ಮಂಕಾಗುತ್ತದೆ.

ಮುಂದಿನದು ಕೆಲವೇ ದಿನಗಳ ಕಥೆ. ಹಲಗಲಿಯ ಮೇಲೆ ದಂಡೆತ್ತಿ ಹೋಗಿದ್ದ ಕರ್ನಲ್ ಮಾಲ್ಕಮನೇ ಸೈನ್ಯದೊಡನೆ ನರಗುಂದಕ್ಕೆ ಧಾವಿಸಿದನು. ಜೂನ್ 1ರಂದು ನರಗುಂದದ ಪಡೆ ಊರ ಹೊರಗೆ ಬಂದು ಎದುರಿಸಿತು. ಪಳಗಿದ ಕುದುರೆಯ ದಂಡಿನ ಮುಂದೆ ಅದು ಬಹಳ ಹೊತ್ತು ನಿಲ್ಲಲಿಲ್ಲ. ಊರು ಸರಕಾರದ ಸೈನ್ಯದ ವಶವಾಯಿತು. ಮರುದಿನ ಬೆಳಿಗ್ಗೆ ಸೈನಿಕರು ಗುಡ್ಡವನ್ನೇರಿದಾಗ ಕೋಟೆ ಬರಿದಾಗಿತ್ತು. ಅದೇ ಜೂನ್ 1ರಂದು ಕೊಪ್ಪಳದ ಕೋಟೆಯಲ್ಲಿ ಭೀಮರಾವನೂ ಕೆಂಚನಗೌಡನೂ ಹೋರಾಡುತ್ತ ಮಡಿದರು. ಒಬ್ಬರಿಗೊಬ್ಬರು ಆಸರೆಯಾಗಬೇಕೆಂದಿದ್ದವರು ಒಂದೇ ದಿನ, ಬೇರೆ ಬೇರೆಯಾಗಿ ಸೋತರು. ದೂರದ ಉತ್ತರದಿಂದ ಯಾವ ನೆರವೂ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ದಿಲ್ಲಿಯು ಹಿಂದಿನ ಸೆಪ್ಟೆಂಬರಿನಲ್ಲಿಯೇ ಮತ್ತೆ ಇಂಗ್ಲಿಷರ ಕೈಸೇರಿತ್ತು. ನರಗುಂದವು ಯುದ್ಧಕ್ಕೆ ಇಳಿದಾಗ ಯುದ್ಧದ ಏರುಗಾಲ ಮುಗಿದುಹೋಗಿತ್ತು.

ಬಾಬಾಸಾಹೇಬನು ಕೆಲವು ಸಂಗಡಿಗರೊಡನೆ ಪಂಢರಪುರಕ್ಕೆ ಹೋಗುವ ಯಾತ್ರಿಕರ ವೇಷದಲ್ಲಿ ಹೊರಟಿದ್ದನು. ಪೋಲೀಸು ಅಧಿಕಾರಿ ಸೌಟರನು ಬೆನ್ನುಹತ್ತಿ ಹೋಗಿ ತೊರಗಲ್ಲಿನ ಅಡವಿಯಲ್ಲಿ ಅವನನ್ನು ಸೆರೆಹಿಡಿದನು. ಬೆಳಗಾವಿಯಲ್ಲಿ ವಿಚಾರಣೆ ಬೇಗನೆ ಮುಗಿಯಿತು. 1858ರ ಜೂನ್ 12ರಂದು ಅವನನ್ನು ಅಲ್ಲಿಯೇ ಗಲ್ಲಿಗೇರಿಸಿದರು. ಸುರೇಬಾನದ ಆ ರಾತ್ರಿಗೂ ಈ ದಿನಕ್ಕೂ ನಡುವೆ ಕಳೆದದ್ದು ಎರಡೇ ವಾರಗಳು. ಇನ್ನೂ ಒಂದು ವಾರ ತುಂಬುವ ಮೊದಲೇ, ದತ್ತಕದ ಹಕ್ಕಿಗಾಗಿಯೇ ನೊಂದು ಎದ್ದಿದ್ದ ಝಾನ್ಸಿಯ ರಾಣಿ ಲಕ್ಷ್ಮೀಬಾಯಿ ಗ್ವಾಲಿಯರಿನ ಬಳಿ ರಣರಂಗದಲ್ಲಿ ಮಡಿದಳು.

ನರಗುಂದದ ಅರಮನೆಯ ಹೆಂಗಸರ ಗತಿ ಇನ್ನೂ ದಾರುಣವಾದುದು. ಬಾಬಾಸಾಹೇಬನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಮುಳುಗಿ ಪ್ರಾಣಬಿಟ್ಟರು. ಯುದ್ಧ ಹೂಡುವ ಆಲೋಚನೆಯಲ್ಲಿ ಅವರ ಮಾತನ್ನು ಯಾರಾದರೂ ಕೇಳಿದ್ದರೋ ಇಲ್ಲವೋ. ಯುದ್ಧದ ಬೆಲೆಯನ್ನು ಮಾತ್ರ ಅವರೂ ತೆತ್ತರು. ಸಂಸ್ಥಾನವನ್ನು ಸರಕಾರ ಜಪ್ತಿ ಮಾಡಿತು. ದತ್ತುಮಗನಿಗಾಗಿ ಉಳಿಸಬೇಕೆಂದು ಅರಸನು ಹೋರಾಡಿದ ಗಾದಿಯೇ ಇಲ್ಲವಾಯಿತು.

ವಿಧಿಯ ವಿಪರ್ಯಾಸವೊಂದನ್ನು ಇಲ್ಲಿ ಹೇಳಲೇಬೇಕು. ಅದೇ ವರ್ಷದ ನವೆಂಬರ್ 1ರಂದು ಕಂಪನಿಯ ಆಳಿಕೆ ಕೊನೆಗೊಂಡು, ಹಿಂದುಸ್ಥಾನದ ಆಡಳಿತವನ್ನು ತಾನು ವಹಿಸಿಕೊಂಡುದಾಗಿ ಇಂಗ್ಲೆಂಡಿನ ರಾಣಿಯ ಘೋಷಣೆ ಹೊರಟಿತು. ದೇಶೀಯ ಅರಸರ ಹಕ್ಕುಗಳನ್ನು ಗೌರವಿಸುವುದಾಗಿ ಅದರಲ್ಲಿ ಭರವಸೆಯಿತ್ತು. ಕೆಲವೇ ವರ್ಷಗಳಲ್ಲಿ, ಉಳಿದ ಸಂಸ್ಥಾನಿಕರಿಗೆ ದತ್ತಕ ತೆಗೆದುಕೊಳ್ಳುವ ಹಕ್ಕಿನ ಸನದುಗಳೂ ಸಿಕ್ಕವು. ಯಾವ ಹಕ್ಕನ್ನು ಬೇಡಿ ಪಡೆಯಲಾರದೆ ಬಾಬಾಸಾಹೇಬನು ನೇಣಿಗೆ ಕೊರಳೊಡ್ಡಿದನೋ ಅದನ್ನು ಸರಕಾರ ತಾನಾಗಿಯೇ ಕೊಟ್ಟಿತು. ಬಂಡಾಯ ಸೋತರೂ ಅದು ಎತ್ತಿದ ಪ್ರಶ್ನೆ ಸೋಲಲಿಲ್ಲ. ಆದರೆ ಉತ್ತರ ದೊರೆಯುವ ಹೊತ್ತಿಗೆ ಕೇಳಿದವನು ಉಳಿದಿರಲಿಲ್ಲ.

ಸರಕಾರದ ಪಕ್ಷ ಹಿಡಿದ ರಾಮದುರ್ಗವಾದರೋ 1948ರಲ್ಲಿ ಸ್ವತಂತ್ರ ಭಾರತದಲ್ಲಿ ವಿಲೀನವಾಗುವವರೆಗೆ ಸಂಸ್ಥಾನವಾಗಿಯೇ ಬಾಳಿತು. ಇದನ್ನು ನೋಡಿ ರಾಮರಾವನು ಜಾಣನೆಂದೂ ಬಾಬಾಸಾಹೇಬನು ದುಡುಕಿದನೆಂದೂ ಹೇಳುವವರಿದ್ದಾರೆ. ಬಾಬಾಸಾಹೇಬನು ವೀರನೆಂದೂ ಅವನ ಸಹೋದರನು ದ್ರೋಹಿಯೆಂದೂ ಹೇಳುವವರೂ ಇದ್ದಾರೆ. ಅಂದಿನ ಇಂಗ್ಲಿಷ್ ಲೇಖಕರ ಕಣ್ಣಿಗೆ ನರಗುಂದದ ಅರಸನು ಕೊಲೆಗಾರ. ನಮ್ಮ ನಾಡಿನ ಜನರ ನೆನಪಿನಲ್ಲಿ ಅವನು ಸ್ವಾತಂತ್ರ್ಯಕ್ಕಾಗಿ ಮಡಿದವನು. ತೀರ್ಪು ಕೊಡುವ ಮೊದಲು ಆ ಇಕ್ಕಟ್ಟನ್ನು ತಿಳಿದುಕೊಳ್ಳುವುದು ನಮ್ಮ ಕರ್ತವ್ಯ. ರಾಮರಾವನೂ ತನ್ನ ಪ್ರಜೆಗಳ ಮನೆಗಳು ಸುಟ್ಟುಹೋಗಬಾರದೆಂದು ಯೋಚಿಸಿರಬಹುದು. ಬಾಬಾಸಾಹೇಬನು ಮಾಡಿದ್ದೆಲ್ಲವೂ ಸರಿಯೆನ್ನುವುದಕ್ಕಾಗುವುದಿಲ್ಲ; ಮಲಗಿದ್ದವರ ಮೇಲೆ ರಾತ್ರಿಯಲ್ಲಿ ಬಿದ್ದು ಕೊಂದದ್ದನ್ನು ಶೌರ್ಯವೆಂದು ಕೊಂಡಾಡಲಾಗದು. ಹಾಗೆಯೇ, ಅವನನ್ನು ಆ ಅಂಚಿಗೆ ದೂಡಿದ ಅನ್ಯಾಯವನ್ನೂ ಮರೆಯಲಾಗದು.

ದೂರದ ಯುದ್ಧವೊಂದು ತಟಸ್ಥ ನಾಡನ್ನು ಸೆಳೆಯುವುದು ಒಂದೇ ದಿನದಲ್ಲಲ್ಲ. ಮೊದಲು ಮನೆಯೊಳಗೆ ಒಂದು ಗಾಯವಿರುತ್ತದೆ. ದೂರದ ಸುದ್ದಿ ಆ ಗಾಯವನ್ನು ಕೆದಕುತ್ತದೆ. ಬಳಿಕ ಬಲಿಷ್ಠನು ಬಂದು ನೀನು ಯಾರ ಕಡೆಯವನೆಂದು ಕೇಳುತ್ತಾನೆ. ಕೊನೆಗೆ ನೆರೆಯವನ ಒಂದು ಹೆಜ್ಜೆ ಕಾಲವನ್ನೇ ಗೊತ್ತುಮಾಡಿಬಿಡುತ್ತದೆ. ನರಗುಂದದಲ್ಲಿ ದತ್ತಕದ ನಿರಾಕರಣೆ, ದಿಲ್ಲಿ ಕಾನ್ಪುರಗಳ ಸುದ್ದಿ, ತೋಪುಗಳ ಬೇಡಿಕೆ, ಭೀಮರಾವನ ದಂಗೆ ಈ ನಾಲ್ಕೂ ಒಂದರ ಹಿಂದೆ ಒಂದು ಬಂದವು. ಇವುಗಳಲ್ಲಿ ಮೊದಲನೆಯ ಗಾಯಕ್ಕೆ ಸಕಾಲದಲ್ಲಿ ಮದ್ದು ಸಿಕ್ಕಿದ್ದರೆ ಉಳಿದವು ನರಗುಂದವನ್ನು ಸುಡುತ್ತಿದ್ದುವೋ ಇಲ್ಲವೋ! ನ್ಯಾಯವಾದ ಬೇಡಿಕೆಯನ್ನು ಶಾಂತಿಯ ಕಾಲದಲ್ಲಿ ಕೇಳಿಸಿಕೊಳ್ಳದ ಸರಕಾರ ಅದನ್ನು ಯುದ್ಧದ ಕಾಲದಲ್ಲಿ ಕೇಳಬೇಕಾಗುತ್ತದೆ.

ಗುಡ್ಡ ಇಂದಿಗೂ ಹಾಗೆಯೇ ನಿಂತಿದೆ. ಅದರ ಬುಡದಲ್ಲಿ ಜನ ಹೊಲ ಉಳುತ್ತಾರೆ, ಸಂತೆ ಮಾಡುತ್ತಾರೆ. ಮಕ್ಕಳು ಶಾಲೆಗೆ ಹೋಗುತ್ತಾರೆ. ಸಂಸ್ಥಾನವಿಲ್ಲ, ಕಂಪನಿ ಸರಕಾರವೂ ಇಲ್ಲ. ಆದರೂ ಆ ಕಡೆಯ ಹಿರಿಯರು ಕೋಟೆಯ ಕಡೆಗೆ ಕೈತೋರಿಸಿ ಬಾಬಾಸಾಹೇಬನ ಹೆಸರನ್ನು ಹೇಳುತ್ತಾರೆ. ಆ ಹೆಸರನ್ನು ಕೇಳಿದಾಗ ನೇಣಿಗೇರಿದ ಅರಸನೊಡನೆ ಹಲಗಲಿಯ ಬೇಡರೂ, ಕೊಪ್ಪಳದಲ್ಲಿ ಮಡಿದವರೂ, ಮಲಪ್ರಭೆಯ ಪಾಲಾದ ಆ ಇಬ್ಬರು ಹೆಂಗಸರೂ ನಮ್ಮ ನೆನಪಿಗೆ ಬರಬೇಕು.

ಅಭ್ಯಾಸ

1. ಬಾಬಾಸಾಹೇಬನಿಗೆ ಕಂಪನಿ ಸರಕಾರದ ಮೇಲೆ ಅಸಮಾಧಾನ ಉಂಟಾಗಲು ಮುಖ್ಯ ಕಾರಣವೇನು?
2. ತೋಪುಗಳನ್ನು ಒಪ್ಪಿಸಬೇಕೆಂಬ ಬೇಡಿಕೆಯಿಂದ ಅರಸನು ಎಂಥ ಇಕ್ಕಟ್ಟಿಗೆ ಸಿಲುಕಿದನು?
3. ನರಗುಂದ ಮತ್ತು ರಾಮದುರ್ಗದ ಅರಸರು ಹಿಡಿದ ದಾರಿಗಳನ್ನು ಹೋಲಿಸಿ ನಿಮ್ಮ ಅಭಿಪ್ರಾಯವನ್ನು ಬರೆಯಿರಿ.
4. ಬಂಡಾಯ ಸೋತರೂ ಅದು ಎತ್ತಿದ ಪ್ರಶ್ನೆ ಸೋಲಲಿಲ್ಲವೆಂದು ಲೇಖಕರು ಏಕೆ ಹೇಳುತ್ತಾರೆ?